ಬರವಣಿಗೆಯೂ ಒಂದು ಪ್ರಯೋಗ

ಬರವಣಿಗೆಯನ್ನು ಕಲಿಸುವುದು ಭಾಷೆಯ ಅಧ್ಯಾಪಕರ ಹೊಣೆಯೆಂದು ನಾವು ಭಾವಿಸುವುದುಂಟು. ಅರಿತುದನ್ನು ಬರೆಯುತ್ತೇವೆಂಬುದು ಅರ್ಧ ಸತ್ಯ; ಬರೆಯುತ್ತ ಅರಿಯುತ್ತೇವೆಂಬುದು ಉಳಿದರ್ಧ. 1970ರ ದಶಕದಲ್ಲಿ ಅಮೆರಿಕದ ಕೆಲವು ಸಣ್ಣ ಕಾಲೇಜುಗಳು ಈ ತತ್ತ್ವವನ್ನು ಹಿಡಿದು, ಎಲ್ಲ ವಿಷಯಗಳ ತರಗತಿಗಳಲ್ಲಿಯೂ ಬರವಣಿಗೆಯನ್ನು ಕಲಿಕೆಯ ಸಾಧನವನ್ನಾಗಿ ಮಾಡಿದುವು.

ಹುಣಸೂರು, ಪಿರಿಯಾಪಟ್ಟಣಗಳ ವಿದ್ಯಾರ್ಥಿಗಳಿಗೆ ತಂಬಾಕು ಹದಮಾಡುವ ಬ್ಯಾರನ್ ಚಿರಪರಿಚಿತವಷ್ಟೆ. ಅಲ್ಲಿ ಹಸುರೆಲೆ ಹಳದಿಯಾಗುವುದೇಕೆ? ಹದವಾದ ಕಾವಿನಲ್ಲಿ ಪತ್ರಹರಿತ್ತು ಒಡೆದು, ಅದರ ಮರೆಯಲ್ಲಿದ್ದ ಹಳದಿ ವರ್ಣದ್ರವ್ಯ ಗೋಚರವಾಗುತ್ತದೆ, ಪಿಷ್ಟವು ಸಕ್ಕರೆಯಾಗುತ್ತದೆ. ಕಾವನ್ನು ಒಮ್ಮೆಲೇ ಏರಿಸಿದರೆ ಎಲೆಯ ಜೀವಕ್ರಿಯೆ ನಿಂತು ಹಸುರೇ ಉಳಿಯುತ್ತದೆ. ಸಸ್ಯಶಾಸ್ತ್ರದ ವಿದ್ಯಾರ್ಥಿ ಇದನ್ನು ಹತ್ತು ವಾಕ್ಯಗಳಲ್ಲಿ ಬರೆಯಲಿ. ಲೇಖನಿ ಎಲ್ಲಿ ತಡೆಯುವುದೋ ಅಲ್ಲಿಯೇ ತಿಳಿವಿನ ಕೊರತೆಯಿದೆ. ಕಂಠಪಾಠವು ಅದನ್ನು ಮುಚ್ಚಿಡುತ್ತದೆ, ಬರವಣಿಗೆ ಬಯಲಿಗೆಳೆಯುತ್ತದೆ. ಬ್ಯಾರನ್ನಿನ ಸೌದೆಯ ವೆಚ್ಚ ಅರ್ಥಶಾಸ್ತ್ರದ ಬರಹಕ್ಕೆ ವಸ್ತು. ಕೃಷ್ಣರಾಜನಗರದ ಗದ್ದೆಯ ನೀರು, ಹೆಗ್ಗಡದೇವನಕೋಟೆಯ ಕಬಿನಿ ಜಲಾಶಯ ಭೂಗೋಳಕ್ಕೆ.

ಇಷ್ಟೊಂದು ಬರಹಗಳನ್ನು ತಿದ್ದುವವರಾರು? ಎಲ್ಲವನ್ನೂ ತಿದ್ದಬೇಕಾಗಿಲ್ಲ. ವಿದ್ಯಾರ್ಥಿಗಳು ಪರಸ್ಪರ ಓದಿ, ಅರ್ಥವಾಗದ ವಾಕ್ಯಕ್ಕೆ ಗೆರೆಯೆಳೆಯಲಿ. ಬರೆದವನು ಅದನ್ನೇ ಮತ್ತೆ ಬರೆಯಲಿ. ಅಧ್ಯಾಪಕರು ಕಾಗುಣಿತಕ್ಕಿಂತ ಮೊದಲು ಕಾರ್ಯಕಾರಣ ಸಂಬಂಧವನ್ನು ನೋಡಲಿ.

ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ‘ವಿಜ್ಞಾನ’ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ವಿಜ್ಞಾನವನ್ನು ಬಲ್ಲವರೇ ಅದನ್ನು ಬರೆಯಬೇಕೆಂಬ ಆ ಮಾರ್ಗ ನಮ್ಮದೇ. ಅದರಲ್ಲಿ ನಡೆಯಲು ಒಂದು ಹಾಳೆ, ಒಂದು ಪ್ರಶ್ನೆ ಸಾಕು.