ಇವತ್ತೇ ಕಡೇ ದಿನ

ಹಳೇ ಮೈಸೂರು ಸೀಮೆಯ ತಾಲ್ಲೂಕು ಊರೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಕಚೇರಿಯ ಕಿಟಕಿ ಸರಳುಗಳಿಗೆ ಆತುಕೊಂಡು ಮಕ್ಕಳು ನಿಂತಿದ್ದಾರೆ. ಪರೀಕ್ಷಾ ಶುಲ್ಕ ಕಟ್ಟಲು ಇವತ್ತೇ ಕಡೇ ದಿನ. ಬನ್ನಿ, ನಾವೂ ಆ ಗೋಡೆಯ ಪಕ್ಕ ಸ್ವಲ್ಪ ಜಾಗ ಮಾಡಿಕೊಳ್ಳೋಣ. ಒಳಗೆ ಕಬ್ಬಿಣದ ಬೀರುಗಳ ಮೇಲೆ ಕೆಂಪು ದಾರ ಕಟ್ಟಿದ ಕಡತಗಳು ಸೂರು ಮುಟ್ಟಿವೆ, ಫ್ಯಾನು ತಿರುಗಿದಾಗೆಲ್ಲ ಹಳೇ ಕಾಗದದ ವಾಸನೆಯ ಜೊತೆ ಪ್ರಿಂಟರಿನ ಬಿಸಿ ಶಾಯಿಯ ವಾಸನೆಯೂ ತೇಲಿ ಬರುತ್ತದೆ. ಎಸ್‌ಡಿಎ ಮೇಡಂ ಮುಂದಿನ ಕಾಫಿ ಆರಿ ಕೆನೆಗಟ್ಟಿದೆ.

"ಮೇಡಂ, ಓಟಿಪಿ ಬರ್ತಿಲ್ಲ."

"ಯಾರ ನಂಬರ್ ಕೊಟ್ಟಿದ್ದೆ?"

"ಅಪ್ಪಂದು."

"ಮತ್ತೆ ಅಪ್ಪನ ಫೋನಿಗೇ ಹೋಗಿರುತ್ತೆ ಕಣವ್ವ. ಕೇಳು."

ಅಪ್ಪ ಕಬ್ಬಿನ ಗದ್ದೆಯಲ್ಲಿದ್ದಾನೆ. "ಅದೇನೋ ಇಂಗ್ಲೀಷಲ್ಲಿ ಬಂದದೆ ಕಣವ್ವ" ಎಂಬ ದನಿ ಸ್ಪೀಕರಿನಲ್ಲಿ ಇಡೀ ಕಾರಿಡಾರಿಗೆ ಕೇಳಿಸುತ್ತದೆ. ಪಕ್ಕದ ಗದ್ದೆಯ ಹುಡುಗನೊಬ್ಬ ಫೋನು ಇಸಕೊಂಡು ಅಂಕಿಗಳನ್ನು ಒಂದೊಂದಾಗಿ ಓದುವಷ್ಟರಲ್ಲಿ ಅದರ ಅವಧಿ ಮುಗಿದಿದೆ. ಇನ್ನೊಂದು ಕಳಿಸಬೇಕು. ತೆರೆಯ ಮೇಲೆ ಚಕ್ರ ಸುತ್ತುತ್ತಲೇ ಇದೆ. ಹಿಂದೆ ನಿಂತವರೂ ಅದನ್ನೇ ನೋಡುತ್ತಿದ್ದಾರೆ. ಕಡೆಗೊಮ್ಮೆ ಪ್ರಿಂಟರು ಗುಟುರು ಹಾಕಿ ಹಾಳೆ ಹೊರತಳ್ಳಿದಾಗ ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ.

ಆ ಚಕ್ರದ ಹೆಸರು ಯುಯುಸಿಎಂಎಸ್. 2021-22ರಿಂದ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ, ಪರೀಕ್ಷಾ ಅರ್ಜಿ, ಶುಲ್ಕ, ಆಂತರಿಕ ಅಂಕ, ಫಲಿತಾಂಶವೆಲ್ಲ ಈ ಒಂದೇ ತಂತ್ರಾಂಶದ ಬಾಗಿಲಿಗೆ ಬಂದು ನಿಂತವು. ಅದೇ 2021ರಲ್ಲಿ ಕೇಂದ್ರ ಸರ್ಕಾರವೂ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಜಮೆ ಮಾಡಿಡುವ ಕ್ರೆಡಿಟ್ ಬ್ಯಾಂಕ್ ತೆರೆಯಿತು. ಅಂಕಪಟ್ಟಿ ಈಗ ಡಿಜಿಲಾಕರ್‌ನಲ್ಲಿ ಸಿಗುತ್ತದೆ. ಹಿಂದೆ ಚಲನ್ ತುಂಬಿ, ಬ್ಯಾಂಕಿನಲ್ಲಿ ಸರದಿ ನಿಂತು, ಅಂಕಪಟ್ಟಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರೂ ಬಸ್ಸು ಹತ್ತಿ ಮೈಸೂರಿನ ಕ್ರಾಫರ್ಡ್ ಹಾಲ್‌ವರೆಗೆ ಹೋಗಬೇಕಿತ್ತು. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯದ ಆಡಳಿತ ಕಚೇರಿ ಅದು. ಗುಂಡ್ಲುಪೇಟೆ ಕಡೆಯ ಹುಡುಗನಿಗೆ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಉಳಿಯುತ್ತದೆಂದರೆ, ಹಳೇ ಕಾಲವೇ ಚೆಂದವಿತ್ತು ಎಂದು ನಾನಂತೂ ಹೇಳಲಾರೆ.

ಆದರೆ ಮೇಡಂ ಮೊಬೈಲಿನತ್ತ ಕಿವಿಗೊಡಿ. ಟಣ್, ಟಣ್ ಎನ್ನುತ್ತಲೇ ಇದೆ. ಪ್ರಾಂಶುಪಾಲರ ಗುಂಪು, ಪರೀಕ್ಷಾ ವಿಭಾಗದ ಗುಂಪು, ವಿದ್ಯಾರ್ಥಿವೇತನದ ಗುಂಪು. ರಾತ್ರಿ ಊಟದ ಹೊತ್ತಿಗೆ ಒಂದು ಪಿಡಿಎಫ್ ಬೀಳುತ್ತದೆ: ನಾಳೆ ಬೆಳಿಗ್ಗೆಯೊಳಗೆ ಮಾಹಿತಿ ಕಡ್ಡಾಯ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಕುಲಸಚಿವರು ಎಂದು ಅಧಿಕಾರವನ್ನು ಹಂಚಿಕೊಟ್ಟಿದೆ. ವಾಟ್ಸಾಪ್ ಅಡ್ಮಿನ್ನಿಗೆ ಅದರಲ್ಲಿ ಜಾಗವಿಲ್ಲ, ದಿನದ ಆಡಳಿತ ಮಾತ್ರ ಅಲ್ಲೇ ನಡೆಯುತ್ತದೆ. ಆದೇಶ ಓಡಿ ಬರುತ್ತದೆ, ಖಾಲಿ ಹುದ್ದೆ ತುಂಬುವ ಕಡತ ಹಳೇ ನಡಿಗೆಯನ್ನೇ ನಡೆಯುತ್ತದೆ. ಇದನ್ನು ಸುಧಾರಣೆ ಎಂದು ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ.

ಬೀರುವಿನ ಪಕ್ಕ ಇನ್‌ವರ್ಡ್ ರಿಜಿಸ್ಟರ್ ಇದೆ ನೋಡಿ, ಅಂಚು ಸವೆದ ದಪ್ಪ ಪುಸ್ತಕ. ಬಂದ ಕಾಗದಕ್ಕೆಲ್ಲ ಸಂಖ್ಯೆ, ತಾರೀಖು, ಸಹಿ. ಮೊಬೈಲಿಗೆ ಬಂದ ಆದೇಶಕ್ಕೆ ಇಂಥ ಲೆಕ್ಕವಿಲ್ಲ, ಮೇಡಂಗೆ ವರ್ಗವಾದರೆ ಅದೂ ಅವರ ಜೊತೆಗೇ ಹೋಗುತ್ತದೆ. ಈ ಸಂದಿಯಲ್ಲೇ ಹುಸಿ ಸುತ್ತೋಲೆ ನುಸುಳುವುದು. ಯಾವುದೋ ವರ್ಷದ "ಪರೀಕ್ಷೆ ಮುಂದೂಡಿಕೆ" ಕಾಗದದ ತಾರೀಖನ್ನಷ್ಟೇ ಕತ್ತರಿಸಿ ಯಾರೋ ಹಂಚುತ್ತಾರೆ, ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲುಗಳಲ್ಲಿ ಪುಸ್ತಕಗಳು ಮುಚ್ಚುತ್ತವೆ.

ಮನೆಯಲ್ಲಿ ಪದವಿ ಓದುವ ಮಕ್ಕಳಿದ್ದರೆ ಅವರಿಗೆ ಹೇಳಿ: ಫೋನಿಗೆ ಬಂದ ಸುತ್ತೋಲೆಯಲ್ಲಿ ಸಂಖ್ಯೆ, ದಿನಾಂಕ, ಕುಲಸಚಿವರ ಸಹಿ ಇದೆಯೇ ನೋಡಲಿ, ವಿಶ್ವವಿದ್ಯಾಲಯದ ಜಾಲತಾಣದಲ್ಲೂ ಅದು ಇದ್ದರೆ ಮಾತ್ರ ನಂಬಲಿ. ಅರ್ಜಿಗೆ ಮೊಬೈಲ್ ನಂಬರ್ ಕೊಡುವಾಗ ತಮ್ಮದನ್ನೇ ಕೊಡಲಿ.