ಆರುವ ಸೂರ್ಯನೂ ರಾಮನಗರದ ಬಂಡೆಯೂ

ವೈಜ್ಞಾನಿಕ ಕಥೆಯೊಂದನ್ನು ಕಂತುಕಂತಾಗಿ ಮೆಚ್ಚಿ ಓದಿಕೊಂಡು ಬಂದವರಿಗೆ ಅದರ ಮುಕ್ತಾಯವು ಘೋರವಾಗಿದ್ದರೆ ಎರಡು ಬಗೆಯ ನೋವುಂಟಾಗುತ್ತದೆ. ಪ್ರಿಯವಾದ ಪಾತ್ರಗಳನ್ನು ಕಳೆದುಕೊಂಡ ದುಃಖ ಒಂದು; ಇಂತಹ ಗತಿ ನಮಗೂ ನಿಜವಾಗಿ ಬಂದೀತೇ ಎಂಬ ಅಂಜಿಕೆ ಇನ್ನೊಂದು. ಮೊದಲನೆಯದಕ್ಕೆ ಕಾಲವೇ ಮದ್ದು. ಎರಡನೆಯದನ್ನು ವಿಚಾರಕ್ಕೆ ಒಡ್ಡಿ ನೋಡಬಹುದು.

ಎಚ್. ಜಿ. ವೆಲ್ಸ್ ಎಂಬ ಆಂಗ್ಲ ಲೇಖಕನ ‘ದಿ ಟೈಮ್ ಮೆಷೀನ್’ ಇದಕ್ಕೆ ಒಳ್ಳೆಯ ನಿದರ್ಶನ. 1895ರ ಜನವರಿಯಿಂದ ಮೇ ತಿಂಗಳವರೆಗೆ ‘ನ್ಯೂ ರಿವ್ಯೂ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಥೆಯಲ್ಲಿ ಕಾಲಪ್ರವಾಸಿಯು ಕೊನೆಗೆ 3 ಕೋಟಿ ವರ್ಷಗಳಾಚೆಗೆ ಸಾಗುತ್ತಾನೆ. ಅಲ್ಲಿ ಭೂಮಿಯ ಒಂದೇ ಮುಖವು ಸದಾ ಸೂರ್ಯನತ್ತ ತಿರುಗಿದೆ, ಕೆಂಪಾಗಿ ಮಂಕಾದ ಸೂರ್ಯನು ಆಕಾಶದಲ್ಲಿ ಕದಲದೆ ನಿಂತಿದ್ದಾನೆ, ಮನುಷ್ಯನ ಸುಳಿವಿಲ್ಲ, ಶೀತವೂ ಮೌನವೂ ಎಲ್ಲೆಡೆ ತುಂಬಿವೆ. ಇದನ್ನೋದಿದ ವಿದ್ಯಾರ್ಥಿಗೆ ತನ್ನ ವಿದ್ಯೆ, ದುಡಿಮೆ, ಲೋಕೋಪಕಾರಗಳೆಲ್ಲವೂ ವ್ಯರ್ಥವೆನಿಸಿದರೆ ಆಶ್ಚರ್ಯವಿಲ್ಲ.

ವೆಲ್ಸನು ಇದನ್ನು ಬರಿಯ ಕಲ್ಪನೆಯಿಂದ ಹೆಣೆಯಲಿಲ್ಲ. ಸೂರ್ಯನು ತನ್ನ ಭಾರದಿಂದ ತಾನೇ ಕುಗ್ಗುತ್ತಿರುವುದರಿಂದ ಶಾಖ ಹುಟ್ಟುತ್ತದೆಂದು ಅಂದಿನ ಭೌತವಿಜ್ಞಾನಿಗಳು ನಂಬಿದ್ದರು. ಆ ಲೆಕ್ಕದಂತೆ ಸೂರ್ಯನು ಬೆಳಗತೊಡಗಿ ಬಹುಶಃ 10 ಕೋಟಿ ವರ್ಷಗಳೂ ಆಗಿಲ್ಲವೆಂದು, ಮುಂದೆಯೂ ಅವನು ಬಹುಕಾಲ ಬೆಳಗಲಾರನೆಂದು, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1862ರಲ್ಲಿ ವಾದಿಸಿದನು.

ಈ ಲೆಕ್ಕವನ್ನು ಸುಳ್ಳಾಗಿಸುವ ಸಾಕ್ಷಿಯು ನಮ್ಮ ನಾಡಿನಲ್ಲಿಯೇ ನಿಂತಿದೆ. ರಾಮನಗರದ ರಾಮದೇವರ ಬೆಟ್ಟ, ಮಾಗಡಿ ಸೀಮೆಯ ಸಾವನದುರ್ಗ, ಇವೆರಡೂ ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿದ ಒಂದೇ ಗ್ರಾನೈಟ್ ಪಟ್ಟಿಗೆ ಸೇರಿದವು. ರಾಮನಗರದ ಹಿಂದಿನ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಇಂದಿಗೂ ಈ ಶಿಲೆಯನ್ನು ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಕರೆಯುತ್ತಾರೆ. ನೆಲದಾಳದಲ್ಲಿ ಶಿಲಾದ್ರವವು ತಣಿದು ಗಟ್ಟಿಯಾಗುವಾಗ ಜಿರ್ಕಾನ್ ಎಂಬ ಖನಿಜದ ಸಣ್ಣ ಹರಳುಗಳು ಯುರೇನಿಯಂ ಪರಮಾಣುಗಳನ್ನು ತಮ್ಮೊಳಗೆ ಸೆರೆಹಿಡಿದವು. ಯುರೇನಿಯಂ ನಿಯತವಾದ ವೇಗದಲ್ಲಿ ಸೀಸವಾಗಿ ಮಾರ್ಪಡುತ್ತದೆ; ಯುರೇನಿಯಂ-238ರ ಅರ್ಧಾಂಶವು ಹಾಗೆ ಕ್ಷಯಿಸಲು ಸುಮಾರು 447 ಕೋಟಿ ವರ್ಷಗಳು ಬೇಕು. ಹರಳಿನಲ್ಲಿ ಯುರೇನಿಯಂ ಎಷ್ಟು, ಸೀಸವೆಷ್ಟು ಎಂದು ಅಳೆದರೆ ಶಿಲೆಯ ವಯಸ್ಸು ತಿಳಿಯುತ್ತದೆ. ಅದು ಸುಮಾರು 250 ಕೋಟಿ ವರ್ಷ! ಕೆಲ್ವಿನ್ನನ ಸೂರ್ಯನಿಗಿಂತ ನಮ್ಮ ಬೆಟ್ಟವು 25 ಪಟ್ಟು ಹಳೆಯದು. ತಾಯಿಗಿಂತ ಮಗುವಿನ ವಯಸ್ಸು ಹೆಚ್ಚಾಗಿರಲು ಸಾಧ್ಯವೆ?

ಹಾಗಾದರೆ ಸೂರ್ಯನ ಶಾಖಕ್ಕೆ ಮೂಲವೇನು? ಜಲಜನಕವು ಹೀಲಿಯಂ ಆಗುವುದೇ ಮೂಲವಿರಬೇಕೆಂದು ಎಡಿಂಗ್ಟನ್ 1920ರಲ್ಲಿ ಊಹಿಸಿದನು. ಆ ಕ್ರಿಯೆ ನಡೆಯುವ ಬಗೆಯನ್ನು ಹಾನ್ಸ್ ಬೆಥೆ 1939ರಲ್ಲಿ ವಿವರಿಸಿದನು. 1000 ಭಾಗ ಜಲಜನಕದಲ್ಲಿ ಸುಮಾರು 7 ಭಾಗವು ಹೀಗೆ ಶಕ್ತಿಯಾಗುತ್ತದೆ. ಸೂರ್ಯನಿಗೆ ಈಗ 460 ಕೋಟಿ ವರ್ಷ. ಅವನ ಒಡಲಲ್ಲಿ ಇನ್ನೂ ಸುಮಾರು 500 ಕೋಟಿ ವರ್ಷಗಳಿಗೆ ಸಾಲುವಷ್ಟು ಇಂಧನವಿದೆ.

ಆದರೂ ಅಂತ್ಯವೆಂಬುದು ಇದ್ದೇ ಇದೆ. ಸೂರ್ಯನ ಪ್ರಕಾಶವು ಮೆಲ್ಲಮೆಲ್ಲನೆ ಏರುತ್ತಿದೆ. ಸುಮಾರು 100 ಕೋಟಿ ವರ್ಷಗಳ ಬಳಿಕ ಭೂಮಿಯ ಸಮುದ್ರಗಳು ಬತ್ತತೊಡಗಬಹುದು. ವೆಲ್ಸನು ಹೇಳಿದ ಚಳಿಗೆ ಬದಲಾಗಿ ಮೊದಲು ಬರುವುದು ಬೇಗೆ. ನಮ್ಮ ಮಾನವ ಜಾತಿ ಹುಟ್ಟಿ ಸುಮಾರು 3 ಲಕ್ಷ ವರ್ಷಗಳಾಗಿವೆ. ಮುಂದಿರುವ ಅವಧಿಯು ಅದರ 3000 ಪಟ್ಟಿಗೂ ಹೆಚ್ಚು. ಆ ಅವಧಿಯನ್ನು ನಾವು ಹೇಗೆ ಕಳೆಯುತ್ತೇವೆಂಬುದನ್ನು ಸೂರ್ಯನು ನಿರ್ಧರಿಸುವುದಿಲ್ಲ.

ಕಥೆಯ ಕೊನೆಯನ್ನೋದಿ ಕುಗ್ಗಿದ ವಿದ್ಯಾರ್ಥಿಯು, ಅದು ಯಾವ ಆಧಾರದ ಮೇಲೆ ನಿಂತಿದೆಯೆಂದು ಕೇಳುವುದನ್ನು ಕಲಿತರೆ ಅವನ ಓದು ಸಾರ್ಥಕ. ಆ ಪ್ರಶ್ನೆಗೆ ಉತ್ತರ ಕೆಲವೊಮ್ಮೆ ಊರಿನ ಬಂಡೆಯಲ್ಲಿಯೇ ಇರುತ್ತದೆ.