ಕಿವುಡು ಮಗುವಿಗೆ ಮೊದಲು ಬೇಕಾದದ್ದು ಭಾಷೆ

ಎರಡು ವರ್ಷ ತುಂಬಿದರೂ ಮಗುವಿಗೆ ಮಾತು ಬರಲಿಲ್ಲವೆಂದರೆ ಆಂಧ್ರದ ಆಲೂರು, ಆದೋನಿ ಸೀಮೆಯ ಮನೆಗಳಲ್ಲಿ ಸಿಗುವ ಸಮಾಧಾನ ಒಂದೇ: ‘ಅವರಪ್ಪಗೂ ತಡವಾಗೇ ಬಂತು, ಬರ್ತದ ಬಿಡು.’ ಹೀಗೆ ಕಾದು ಕಾದು, ಕಡೆಗೆ ಬಳ್ಳಾರಿಗೋ ಕರ್ನೂಲಿಗೋ ಹೋಗಿ, ಮಗುವನ್ನು ಮಲಗಿಸಿ ತಲೆಗೆ ತಂತಿ ಅಂಟಿಸಿ ಮಾಡುವ ಬೇರಾ ಪರೀಕ್ಷೆಯಲ್ಲಿ ಕಿವುಡು ಖಚಿತವಾಗುವ ಹೊತ್ತಿಗೆ ಬೆಲೆಬಾಳುವ ಕಾಲ ಕಳೆದುಹೋಗಿರುತ್ತದೆ. ಆಮೇಲೆ ಮೂರು ದಾರಿಗಳ ಮಾತು ಬರುತ್ತದೆ: ಆಪರೇಷನ್ ಮಾಡಿ ಒಳಕಿವಿಗೆ ಎಲೆಕ್ಟ್ರೋಡು ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್, ಹಿಯರಿಂಗ್ ಏಡ್ ಹಾಕಿ ಸ್ಪೀಚ್ ಥೆರಪಿ, ಇಲ್ಲವೇ ಸಂಜ್ಞೆ ಭಾಷೆ. ಒಂದನ್ನು ಆರಿಸಿಕೊಳ್ಳಿ ಎನ್ನುವವರು ಎಷ್ಟೋ ಸಲ ‘ಕೈಸನ್ನೆ ಮಾಡಬೇಡಿ, ಮಾಡಿದರೆ ಮಾತು ಬರೋದಿಲ್ಲ’ ಎಂಬ ಎಚ್ಚರಿಕೆಯನ್ನೂ ಸೇರಿಸುತ್ತಾರೆ. ಈ ಎಚ್ಚರಿಕೆಗೆ ಗಟ್ಟಿ ಆಧಾರವಿಲ್ಲ, ಅದನ್ನು ಪಾಲಿಸಿದರೆ ಮಗುವಿಗೆ ನಷ್ಟವೇ ಹೆಚ್ಚು ಎಂಬುದು ನನ್ನ ವಾದ.

ಮಿದುಳು ಭಾಷೆಗಾಗಿ ಹಸಿದಿರುತ್ತದೆ. ಭಾಷೆ ಕಿವಿಯ ಮೂಲಕವೇ ಬರಲಿ ಎಂಬ ಹಟ ಅದಕ್ಕಿಲ್ಲ. ಕೇಳಿಸುವ ಕೂಸು ‘ಬಬಬ’ ಎಂದು ತೊದಲುವ ವಯಸ್ಸಿನಲ್ಲೇ, ಸಂಜ್ಞೆ ಬಳಸುವ ಮನೆಯಲ್ಲಿ ಬೆಳೆಯುವ ಕಿವುಡು ಕೂಸು ಕೈಬೆರಳುಗಳಲ್ಲಿ ತೊದಲುತ್ತದೆ ಎಂದು ಲಾರಾ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ 1991ರಲ್ಲಿ ತೋರಿಸಿದರು. ಇದಕ್ಕಿಂತ ಮುಖ್ಯವಾದದ್ದು ರೇಚಲ್ ಮೇಬೆರಿ ಮತ್ತು ಸಂಗಡಿಗರ 2002ರ ಅಧ್ಯಯನ. ಎಳವೆ ದಾಟಿದ ಮೇಲೆ ಅಮೆರಿಕದ ಸಂಜ್ಞೆ ಭಾಷೆ ಕಲಿತ ಕಿವುಡರನ್ನು ಅವರು ಪರೀಕ್ಷಿಸಿದರು. ಚಿಕ್ಕಂದಿನಲ್ಲಿ ಕಿವಿ ಕೇಳಿಸುತ್ತಿದ್ದು, ಮಾತು ಕಲಿತು, ಆಮೇಲೆ ಕಿವುಡರಾದವರು ಸಂಜ್ಞೆಯನ್ನು ಚೆನ್ನಾಗಿಯೇ ಕಲಿತಿದ್ದರು. ಹುಟ್ಟಿನಿಂದ ಕಿವುಡಾಗಿ, ಎಳವೆಯಲ್ಲಿ ಯಾವ ಭಾಷೆಯೂ ಸರಿಯಾಗಿ ಸಿಗದವರು ಅದೇ ಸಂಜ್ಞೆಯಲ್ಲಿ ಎಡವಿದರು. ಇಂಗ್ಲಿಷಿನ ವಿಷಯದಲ್ಲೂ ಹಾಗೆಯೇ: ಎಳವೆಯಲ್ಲೇ ಸಂಜ್ಞೆ ಕಲಿತ ಕಿವುಡರು, ಯಾವ ಭಾಷೆಯೂ ಇಲ್ಲದೆ ಬೆಳೆದವರಿಗಿಂತ ಬಹಳ ಮುಂದಿದ್ದರು. ಮೊದಲ ಭಾಷೆ ಯಾವುದೇ ಇರಲಿ, ಹೊತ್ತಿಗೆ ಸರಿಯಾಗಿ ಸಿಕ್ಕರೆ ಎರಡನೆಯದಕ್ಕೆ ನೆಲ ಹದವಾಗುತ್ತದೆ. ಸಿಗದಿದ್ದರೆ ಮುಂದಿನ ಕಲಿಕೆಯೆಲ್ಲ ಕಷ್ಟ.

ಹಾಗೆಂದು ಇಂಪ್ಲಾಂಟನ್ನು ಹಗುರವಾಗಿ ಕಾಣುವಂತಿಲ್ಲ. ಒಳಕಿವಿಯ ಸುರುಳಿಯಲ್ಲಿ ಶಬ್ದವನ್ನು ನರಕ್ಕೆ ದಾಟಿಸುವ ಸುಮಾರು 3,500 ರೋಮಕೋಶಗಳ ಕೆಲಸವನ್ನು ಹನ್ನೆರಡರಿಂದ ಇಪ್ಪತ್ತೆರಡು ಎಲೆಕ್ಟ್ರೋಡುಗಳು ಹೇಗೋ ನಿಭಾಯಿಸುತ್ತವೆ ಎಂಬುದೇ ದೊಡ್ಡ ಸೋಜಿಗ. ಆದರೆ ಇದಕ್ಕೆ ವಯಸ್ಸಿನ ಗಡುವಿದೆ. ಅನು ಶರ್ಮಾ ಅವರ 2002ರ ಅಧ್ಯಯನದ ಪ್ರಕಾರ ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದ ಮಕ್ಕಳ ಮಿದುಳು ಶಬ್ದಕ್ಕೆ ಬಹುಮಟ್ಟಿಗೆ ಸಹಜವಾಗಿ ಸ್ಪಂದಿಸುತ್ತದೆ. ಏಳು ದಾಟಿದವರಲ್ಲಿ ಹಾಗಾಗುವುದು ಅಪರೂಪ. ಗಡುವಿನೊಳಗೆ ಆಪರೇಷನ್ ಆದರೂ, ಕೆಲವು ವಾರಗಳ ನಂತರ ಯಂತ್ರ ಚಾಲೂ ಮಾಡಿದಾಗ ಮಗುವಿಗೆ ಸಿಗುವುದು ಬರೀ ಶಬ್ದ. ಅದರಿಂದ ಪದಗಳನ್ನು ಹೆಕ್ಕಿಕೊಳ್ಳಲು ಥೆರಪಿಯೊಂದಿಗೆ ವರ್ಷಗಳೇ ಬೇಕು. ಸ್ನಾನಕ್ಕೆ, ನಿದ್ದೆಗೆ ಹೊರಭಾಗವನ್ನು ತೆಗೆದಿಡಬೇಕು. ಬ್ಯಾಟರಿ ಮುಗಿದರೆ, ಕೇಬಲ್ ಕಿತ್ತರೆ ಮಗು ಮತ್ತೆ ಕಿವುಡು. ಒಂದೇ ವಯಸ್ಸಿನಲ್ಲಿ ಒಂದೇ ಯಂತ್ರ ಹಾಕಿಸಿಕೊಂಡ ಇಬ್ಬರು ಮಕ್ಕಳ ಮಾತು ಒಂದೇ ಮಟ್ಟಕ್ಕೆ ಬರುತ್ತದೆಂದು ಯಾವ ವೈದ್ಯರೂ ಬರೆದುಕೊಡಲಾರರು. ತೀವ್ರ ಕಿವುಡಿನಲ್ಲಿ ತುಟಿ ನೋಡಿ ತಿಳಿಯುವುದನ್ನೇ ನೆಚ್ಚುವುದು ಇನ್ನೂ ಕಷ್ಟ. ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ ‘ಬರ’ ಎನ್ನಿ, ‘ಮರ’ ಎನ್ನಿ, ‘ಪರ’ ಎನ್ನಿ: ಮೂರಕ್ಕೂ ತುಟಿ ಒಂದೇ. ಕ, ಗಗಳಂತೂ ತುಟಿಯ ಮೇಲೆ ಕಾಣುವುದೇ ಇಲ್ಲ.

ಸಂಜ್ಞೆಯ ವಿರುದ್ಧ ಇರುವ ಬಲವಾದ ಪುರಾವೆ 2017ರ ಆನ್ ಗೀರ್ಸ್ ತಂಡದ ಅಧ್ಯಯನ. ಇಂಪ್ಲಾಂಟ್ ಆದ ಮಕ್ಕಳಲ್ಲಿ, ಸಂಜ್ಞೆಯ ಸಂಪರ್ಕವಿಲ್ಲದವರ ಮಾತು ಹೆಚ್ಚು ಸ್ಪಷ್ಟವಾಗಿತ್ತು ಎಂದು ಅದು ಹೇಳಿತು. ಅದನ್ನು ಬದಿಗೆ ತಳ್ಳಬೇಕಿಲ್ಲ. ಆದರೆ ಅಲ್ಲಿ ಸಂಜ್ಞೆ ಎಂದು ಎಣಿಸಿದ್ದರಲ್ಲಿ ಮಾತಿನ ಜೊತೆ ಆಡಿದ ಬಿಡಿ ಕೈಸನ್ನೆಗಳೂ ಸೇರಿದ್ದವು. ಮಾತು ಬಾರದ ಮಗುವಿನ ಮನೆಯವರೇ ಸಂಜ್ಞೆಯನ್ನು ಹೆಚ್ಚು ದಿನ ಮುಂದುವರಿಸಿರಬಹುದಲ್ಲ, ಕಾರಣ ಯಾವುದು, ಪರಿಣಾಮ ಯಾವುದು? ಹುಟ್ಟಿನಿಂದ ಪೂರ್ಣ ಸಂಜ್ಞೆ ಭಾಷೆ ಕಂಡು, ಇಂಪ್ಲಾಂಟೂ ಆದ ಮಕ್ಕಳನ್ನು 2014ರಲ್ಲಿ ಪರೀಕ್ಷಿಸಿದ ಕ್ಯಾಥರಿನ್ ಡೇವಿಡ್ಸನ್ ತಂಡಕ್ಕೆ, ಅವರ ಇಂಗ್ಲಿಷ್ ಮಾತು ಕಿವುಡು ಪಾಲಕರ ಕೇಳುವ ಮಕ್ಕಳ ಮಾತಿಗೆ ಸರಿಸಮನಾಗಿ ಕಂಡಿತು. ಐದೇ ಮಕ್ಕಳು, ನಿಜ. ಆದರೂ ಕೈಭಾಷೆ ನಾಲಿಗೆಯನ್ನು ಕಟ್ಟಿಹಾಕುತ್ತದೆ ಎಂಬ ಮಾತಿಗೆ ಅದು ತಕ್ಕ ಉತ್ತರ. ಎರಡು ಭಾಷೆ ಮಗುವನ್ನು ಗಲಿಬಿಲಿಗೊಳಿಸುತ್ತದೆ ಎಂಬ ಭಯ ಈ ಸೀಮೆಗಂತೂ ಹೊಂದುವುದಿಲ್ಲ. ಆಲೂರು, ಆದೋನಿ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಅಂದಿನಿಂದ ಇಲ್ಲಿನ ಕನ್ನಡದ ಮಕ್ಕಳು ಶಾಲೆಯಲ್ಲಿ ತೆಲುಗು ಓದಿಯೇ ಮನೆಯಲ್ಲಿ ಕನ್ನಡ ಆಡುತ್ತಾರೆ. ತೆಲುಗು ಬಂದರೆ ಕನ್ನಡ ಹೋಗುತ್ತದೆಂದು ಮಗುವಿನ ಬಾಯಿ ಮುಚ್ಚಿಸಿದವರನ್ನು ಯಾರೂ ಕಂಡಿಲ್ಲ.

ನಿಜವಾಗಿ ಕಷ್ಟದ ಆಕ್ಷೇಪ ಬೇರೆ: ಹಳ್ಳಿಯಲ್ಲಿ ಸಂಜ್ಞೆ ಕಲಿಸುವವರು ಯಾರು? ಕಿವುಡು ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಹುಟ್ಟುವುದು ಕೇಳುವ ತಂದೆತಾಯಿಗೆ. ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ವಂಶದಲ್ಲಿ ಹರಿದುಬಂದ ಕಿವುಡಿನಿಂದಾಗಿ ಊರಿಗೇ ಸ್ವಂತವಾದ ಸಂಜ್ಞೆ ಭಾಷೆ ಬೆಳೆದಿದೆ. ಕೇಳುವವರೂ ಅದನ್ನು ಬಳಸುತ್ತಾರೆ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ರೂಢಿ ನಮ್ಮಲ್ಲೂ ಇದೆ, ಇಂಥ ಕಿವುಡಿಗೆ ಅದೂ ಒಂದು ಕಾರಣ. ಅಲೀಪುರದಂಥ ಸೌಕರ್ಯ ಮಾತ್ರ ಇಲ್ಲ. ಆದರೆ ಪಾಲಕರು ಪಂಡಿತರಾಗಬೇಕಿಲ್ಲ. ಅರೆಬರೆ ಸಂಜ್ಞೆಯನ್ನು ನೋಡಿ ಬೆಳೆದ ಮಗು ಅದನ್ನು ಪಾಲಕರಿಗಿಂತ ಕ್ರಮಬದ್ಧವಾಗಿ ಬಳಸಿದ ದಾಖಲೆಯಿದೆ. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ಸಂಜ್ಞೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ ಹತ್ತು ಸಾವಿರ ಪದಗಳ ವಿಡಿಯೊಗಳಿವೆ, ಫೋನಿನಲ್ಲೇ ಸಿಗುತ್ತವೆ. ಊರಲ್ಲಿ ದೊಡ್ಡ ವಯಸ್ಸಿನ ಕಿವುಡರು ಇದ್ದರೆ ಮಗುವನ್ನು ಅವರ ಒಡನಾಟಕ್ಕೆ ಬಿಡುವುದು ಇನ್ನೂ ಒಳ್ಳೆಯದು. ಇಂಪ್ಲಾಂಟ್ ಎಂದರೆ ಕಿವುಡನ್ನು ರೋಗವೆಂದು ಕಾಣುವುದು ಎಂದು ಕೆಲವು ಕಿವುಡರು ಆಕ್ಷೇಪಿಸುತ್ತಾರೆ. ಆ ನೋವು ಅರ್ಥವಾಗುತ್ತದೆ, ಆದರೆ ಸುತ್ತ ಕೇಳುವವರೇ ಇರುವ ಊರಿನ ಮಗುವಿಗೆ ಸಿಗಬಹುದಾದ ಮಾತನ್ನು ಅದಕ್ಕಾಗಿ ತಪ್ಪಿಸುವುದನ್ನು ನಾನು ಒಪ್ಪಲಾರೆ.

ಗಡಿಯ ತೊಡಕೂ ಒಂದಿದೆ. ಕೇಂದ್ರದ ಅಡಿಪ್ ಯೋಜನೆ ಹುಟ್ಟುಕಿವುಡಿನ ಮಕ್ಕಳ ಇಂಪ್ಲಾಂಟ್‌ಗೆ ಐದು ವರ್ಷದೊಳಗೆ ನೆರವು ಕೊಡುತ್ತದೆ. ರಾಜ್ಯಗಳ ಯೋಜನೆಗಳು ಆಯಾ ರಾಜ್ಯದ ರೇಷನ್ ಕಾರ್ಡ್ ನೋಡುತ್ತವೆ. ಹೀಗಾಗಿ ಆಲೂರಿನ ಕನ್ನಡದ ಮಗು ಆಂಧ್ರದ ಆಸ್ಪತ್ರೆಗೆ ಹೋಗಿ, ಥೆರಪಿಯಲ್ಲಿ ತೆಲುಗು ಕೇಳಿ, ಮನೆಗೆ ಬಂದು ಕನ್ನಡ ಕೇಳುವುದು ಸಾಧ್ಯ. ವಾರಕ್ಕೊಂದು ತಾಸು ಥೆರಪಿ, ಉಳಿದದ್ದೆಲ್ಲ ಮನೆ. ಆದ್ದರಿಂದ ಅಭ್ಯಾಸ ತಾಯಿಯ ಭಾಷೆಯಲ್ಲೇ ನಡೆಯಬೇಕು. ಆಪರೇಷನ್ ಕಾಗದಕ್ಕೆ ಸಹಿ ಹಾಕುವ ಮೊದಲೇ ಕೇಳಿ: ಥೆರಪಿ ಎಲ್ಲಿ, ಯಾವ ಭಾಷೆಯಲ್ಲಿ, ಎಷ್ಟು ವರ್ಷ? ಕೇಬಲ್, ಬ್ಯಾಟರಿ ಖರ್ಚು ಯಾರದು? ಉತ್ತರ ಬರುವ ತನಕ ಸುಮ್ಮನೆ ಕೂರಬೇಡಿ. ಊಟ, ನೀರು, ಅಮ್ಮ, ಬೇಡ, ನೋವು: ಈ ಐದು ಸಂಜ್ಞೆಗಳನ್ನು ಮನೆಮಂದಿಯೆಲ್ಲ ಇಂದೇ ಕಲಿತು, ಬಾಯಲ್ಲೂ ಹೇಳುತ್ತ ಮಗುವಿನ ಮುಂದೆ ಬಳಸಿ.